ದೂರಶಿಕ್ಷಣದ ಮೇಷ್ಟ್ರ ನೆನಪಿಗೆ ಸ್ಕಾಲರ್‌ಶಿಪ್: ಶುರು ಮಾಡೋದು ಹೇಗೆ, ಎಡವೋದು ಎಲ್ಲಿ

"ನಮ್ಮ ಮೇಷ್ಟ್ರು ತೀರಿಕೊಂಡರು. ಅವರ ಹೆಸರಲ್ಲಿ ಒಂದು ಸ್ಕಾಲರ್‌ಶಿಪ್ ಮಾಡೋಣ ಅಂತ ನಾಲ್ಕು ಜನ ಸೇರಿದ್ದೇವೆ. ಎಲ್ಲಿಂದ ಶುರು ಮಾಡೋದು?" ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ದೂರಶಿಕ್ಷಣದಲ್ಲಿ ಓದಿದವರಿಂದ ಇನ್ನೂ ಜಾಸ್ತಿ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಗಿದೆ, ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಹೇಳಿಬಿಡುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ದೂರಶಿಕ್ಷಣದ ಮೇಷ್ಟ್ರ ಹೆಸರಿನ ಸ್ಕಾಲರ್‌ಶಿಪ್ ಕೆಡುವುದು ದುಡ್ಡಿಲ್ಲದೆ ಅಲ್ಲ, ರೆಗ್ಯುಲರ್ ಕಾಲೇಜಿನ ನಿಯಮಗಳನ್ನು ಹಾಗೇ ನಕಲು ಮಾಡುವುದರಿಂದ. ಹಾಜರಾತಿ, ವಯಸ್ಸಿನ ಮಿತಿ, ಪೂರ್ಣಾವಧಿ ವಿದ್ಯಾರ್ಥಿ ಎಂಬ ಷರತ್ತು ಎಲ್ಲ ಸೇರಿಕೊಂಡು, ಆ ಮೇಷ್ಟ್ರು ಜೀವನವಿಡೀ ಯಾರಿಗೆ ಪಾಠ ಹೇಳಿದರೋ ಅವರನ್ನೇ ಹೊರಗಿಡುತ್ತವೆ. ಮುಂದಿನ ಹಂತಗಳನ್ನು ಓದುವಾಗ ಇದನ್ನು ತಲೆಯಲ್ಲಿಟ್ಟುಕೊಳ್ಳಿ.

ಶುರು ಮಾಡಲು ಬೇಕಾದದ್ದು ಹೆಚ್ಚೇನಿಲ್ಲ. ಜವಾಬ್ದಾರಿ ಹೊರುವ ಮೂರರಿಂದ ಐದು ಜನ, ಮನೆಯವರ ಒಪ್ಪಿಗೆ, ಮೇಷ್ಟ್ರ ಕೆಲಸದ ಬಗ್ಗೆ ಒಂದು ಪುಟದ ಬರಹ, ಮತ್ತು ಕನಿಷ್ಠ ಮೂರು ವರ್ಷ ನಡೆಸುವಷ್ಟು ಹಣದ ಖಾತ್ರಿ. ಇಪ್ಪತ್ತು ಜನರ ಸಮಿತಿ ಬೇಡ. ಇಪ್ಪತ್ತು ಜನ ಸೇರಿದರೆ ಕೆಲಸ ಮಾಡುವವರು ಮತ್ತೆ ಮೂವರೇ, ಉಳಿದವರು ಸಲಹೆ ಕೊಡುತ್ತಾರೆ.

1. ಮೊದಲು ಮನೆಯವರ ಹತ್ತಿರ ಮಾತಾಡಿ

ಶ್ರದ್ಧಾಂಜಲಿ ಸಭೆಯಲ್ಲಿ ಯಾರೋ ಭಾವುಕರಾಗಿ ಎದ್ದು ನಿಂತು "ಅವರ ಹೆಸರಲ್ಲಿ ಸ್ಕಾಲರ್‌ಶಿಪ್ ಕೊಡುತ್ತೇವೆ" ಅಂತ ಘೋಷಿಸಿಬಿಡುತ್ತಾರೆ. ಚಪ್ಪಾಳೆ ಬೀಳುತ್ತದೆ. ಮನೆಯವರಿಗೆ ಅದು ಗೊತ್ತಾಗುವುದೂ ಅಲ್ಲೇ. ಹೀಗೆ ಮಾಡಬೇಡಿ. ಒಂದೆರಡು ತಿಂಗಳು ಬಿಟ್ಟು, ಮನೆಗೆ ಹೋಗಿಯೋ ಫೋನ್ ಮಾಡಿಯೋ ಕೇಳಿ.

ಕೇಳಬೇಕಾದ್ದು ಇಷ್ಟು. ಹೆಸರು ಬಳಸಬಹುದೇ? ಹೆಸರನ್ನು ಹೇಗೆ ಬರೆಯಬೇಕು, ಇನಿಷಿಯಲ್ ಹಾಕಬೇಕೇ? ಯಾವ ಫೋಟೋ? ಕಾಯಿಲೆ, ಸಾವಿನ ಕಾರಣ, ಮನೆಯ ವಿಷಯ, ಇವುಗಳಲ್ಲಿ ಯಾವುದನ್ನು ಬರೆಯಬಾರದು? ಆಯ್ಕೆಯಲ್ಲಿ ಅವರಿಗೆ ಪಾತ್ರ ಬೇಕೇ? ಈ ಕೊನೆಯ ಪ್ರಶ್ನೆ ಸೂಕ್ಷ್ಮದ್ದು. ವರ್ಷಕ್ಕೊಮ್ಮೆ ವಿದ್ಯಾರ್ಥಿಯ ಪತ್ರ ಓದಿದರೆ ಸಾಕು ಅನ್ನುವವರಿದ್ದಾರೆ, ಸಮಿತಿಯಲ್ಲಿ ಕೂರಬೇಕು ಅನ್ನುವವರೂ ಇದ್ದಾರೆ. ಯಾವುದೇ ಆದರೂ ಈಗಲೇ ಮಾತಾಡಿಕೊಂಡು, ನಾಲ್ಕು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ.

2. ಮೇಷ್ಟ್ರ ಕೆಲಸವನ್ನು ಒಂದು ಪುಟದಲ್ಲಿ ಹಿಡಿಯಿರಿ

ಈ ಹಂತವನ್ನು ಎಲ್ಲರೂ ಹಾರಿಸುತ್ತಾರೆ. ನನ್ನ ಪ್ರಕಾರ ಮುಖ್ಯವಾದದ್ದು ಇದೇ, ಯಾಕೆಂದರೆ ಮುಂದೆ ಯಾರಿಗೆ ಕೊಡಬೇಕು, ಏನು ಕೇಳಬೇಕು ಎಂಬುದೆಲ್ಲ ಈ ಪುಟದಿಂದಲೇ ಹುಟ್ಟಬೇಕು.

ತರಗತಿಯಲ್ಲಿ ಪಾಠ ಮಾಡುವವರ ಬಗ್ಗೆ ಬರೆಯುವುದು ಸುಲಭ. ದನಿ, ನಡಿಗೆ, ಜೋಕು ಎಲ್ಲ ನೆನಪಿರುತ್ತದೆ. ದೂರಶಿಕ್ಷಣದ ಮೇಷ್ಟ್ರನ್ನು ಎಷ್ಟೋ ವಿದ್ಯಾರ್ಥಿಗಳು ಮುಖತಃ ನೋಡಿಯೇ ಇರುವುದಿಲ್ಲ. ಅವರ ಕೆಲಸ ಇರುವುದು ಬೇರೆ ಕಡೆ: ಸಿದ್ಧಪಾಠದ ಬರವಣಿಗೆಯಲ್ಲಿ, ಅಸೈನ್‌ಮೆಂಟಿನ ಅಂಚಿನಲ್ಲಿ ಬರೆದ ಟಿಪ್ಪಣಿಯಲ್ಲಿ, ರಾತ್ರಿ ಹನ್ನೊಂದಕ್ಕೆ ಬಂದ ಉತ್ತರದಲ್ಲಿ. (ಸಿದ್ಧಪಾಠ ಅಂದರೆ ಮೇಷ್ಟ್ರು ಎದುರಿಗಿಲ್ಲದೆಯೇ ಓದಿಕೊಳ್ಳುವಂತೆ ಘಟಕಗಳಾಗಿ ಬರೆದ ಪಾಠ.)

ಈ ವೃತ್ತಿಯ ಮೂಲವೇ ಅಲ್ಲಿದೆ. 1840ರಲ್ಲಿ ಬ್ರಿಟನ್ನಿನಲ್ಲಿ ಒಂದು ಪೆನ್ನಿ ನಾಣ್ಯಕ್ಕೆ ಪತ್ರ ಕಳಿಸುವ ಅಂಚೆ ವ್ಯವಸ್ಥೆ ಶುರುವಾಯಿತು. ಐಸಾಕ್ ಪಿಟ್‌ಮನ್ ಅದನ್ನು ಹಿಡಿದುಕೊಂಡು ಅಂಚೆಯಲ್ಲೇ ಶೀಘ್ರಲಿಪಿ ಕಲಿಸಿದರು. ವಿದ್ಯಾರ್ಥಿ ಅಭ್ಯಾಸವನ್ನು ಬರೆದು ಕಳಿಸಬೇಕು, ಅದು ತಿದ್ದುಪಡಿಯೊಂದಿಗೆ ವಾಪಸ್ ಬರಬೇಕು. ಪಾಠವನ್ನು ಅಚ್ಚು ಹಾಕಿಸಿ ಯಾರು ಬೇಕಾದರೂ ಕಳಿಸಬಹುದಿತ್ತು. ತಿದ್ದಿ ವಾಪಸ್ ಕಳಿಸಿದ್ದೇ ಮೇಷ್ಟ್ರ ಕೆಲಸ. 1873ರಲ್ಲಿ ಬಾಸ್ಟನ್ನಿನಲ್ಲಿ ಆ್ಯನಾ ಎಲಿಯಟ್ ಟಿಕ್ನರ್ ಮನೆಯಲ್ಲೇ ಓದುವ ಹೆಂಗಸರಿಗಾಗಿ ಒಂದು ಸಂಘ ಕಟ್ಟಿದಾಗಲೂ ಅದು ನಡೆದದ್ದು ಪತ್ರಗಳ ಮೇಲೆಯೇ. ಮುಂದೆ ಈ ಕ್ಷೇತ್ರದ ಚಿಂತಕ ಮೈಕೆಲ್ ಮೂರ್ ಇದನ್ನೇ ಸಿದ್ಧಾಂತವಾಗಿ ಹೇಳಿದರು. ಅವರ ಪ್ರಕಾರ ಕಲಿಕೆಯಲ್ಲಿ ದೂರ ಅನ್ನುವುದು ಮೈಲಿಯ ಲೆಕ್ಕವಲ್ಲ. ಮಾತುಕತೆ ಕಡಿಮೆಯಾದಷ್ಟೂ ದೂರ ಜಾಸ್ತಿಯಾಗುತ್ತದೆ. ಇದೇ ಕ್ಷೇತ್ರದ ಇನ್ನೊಬ್ಬ ಚಿಂತಕ ಬೊರ್ಯೆ ಹೊಲ್ಮ್‌ಬೆರ್ಗ್, ಪಾಠದ ಬರವಣಿಗೆಯೇ ವಿದ್ಯಾರ್ಥಿಯ ಜೊತೆಗಿನ ಮಾತುಕತೆಯಂತೆ ಇರಬೇಕು ಅಂದರು.

ಹಾಗಾದರೆ ಆ ಪುಟದಲ್ಲಿ ಏನು ಬರೆಯಬೇಕು? ಪದವಿ, ಹುದ್ದೆ, ಪ್ರಶಸ್ತಿಗಳಿಗೆ ಮೂರು ಸಾಲು ಸಾಕು. ಉಳಿದ ಜಾಗದಲ್ಲಿ ಅವರು ಏನು ಮಾಡುತ್ತಿದ್ದರು ಅನ್ನುವುದು ಬರಲಿ. ಹಳೆ ವಿದ್ಯಾರ್ಥಿಗಳಿಗೆ "ಮೇಷ್ಟ್ರ ಬಗ್ಗೆ ಎರಡು ಮಾತು ಬರೆಯಿರಿ" ಅಂತ ಕೇಳಬೇಡಿ. ಎಲ್ಲರೂ "ಸರಳ ಸಜ್ಜನಿಕೆಯ ವ್ಯಕ್ತಿ" ಅಂತಲೇ ಬರೆದು ಕಳಿಸುತ್ತಾರೆ. ಬದಲಿಗೆ "ಅವರು ತಿದ್ದಿದ ಅಸೈನ್‌ಮೆಂಟ್ ನಿಮ್ಮ ಹತ್ತಿರ ಇದೆಯಾ? ಒಂದು ಪುಟದ ಫೋಟೋ ಕಳಿಸಿ" ಅಂತ ಕೇಳಿ. ಆಗ ನಿಜವಾದದ್ದು ಸಿಗುತ್ತದೆ. ಅಂಚಿನಲ್ಲಿ ಹಸಿರು ಇಂಕಿನಲ್ಲಿ "ಉತ್ತರ ಸರಿ, ಆದರೆ ಎರಡನೇ ಹೆಜ್ಜೆಯಿಂದ ನಾಲ್ಕನೆಯದಕ್ಕೆ ಹೇಗೆ ಹಾರಿದಿರಿ?" ಅಂತ ಬರೆದಿದ್ದರೆ, ಒಂದೇ ಸಾಲಿನಲ್ಲಿ ಆ ಮೇಷ್ಟ್ರು ಯಾರೆಂದು ಗೊತ್ತಾಗುತ್ತದೆ. ಪುಟ ಬರೆದಾದ ಮೇಲೆ ಅದರ ಕೆಳಗೆ ಒಂದು ವಾಕ್ಯ ಸೇರಿಸಿ: "ಇವರು ಯಾರಿಗಾಗಿ ದುಡಿದರು?" ಕೆಲಸಕ್ಕೆ ಹೋಗುತ್ತಾ ಓದುವವರಿಗಾ, ಓದು ಅರ್ಧಕ್ಕೆ ಬಿಟ್ಟವರಿಗಾ, ಕಣ್ಣು ಕಾಣದವರಿಗಾ? ಉತ್ತರ ಆದಷ್ಟು ಖಚಿತವಾಗಿರಲಿ.

3. ದುಡ್ಡಿನ ಲೆಕ್ಕ

ಎರಡು ದಾರಿ ಇವೆ. ಒಂದು ದತ್ತಿ ನಿಧಿ: ಮೂಲಧನವನ್ನು ಮುಟ್ಟದೆ, ಅದು ದುಡಿದದ್ದರಲ್ಲಿ ಮಾತ್ರ ಸ್ಕಾಲರ್‌ಶಿಪ್ ಕೊಡುವುದು. ಇನ್ನೊಂದು ಕರಗುವ ನಿಧಿ: ಇಷ್ಟು ವರ್ಷ ಅಂತ ಇಟ್ಟುಕೊಂಡು, ಅಸಲನ್ನೇ ಖರ್ಚು ಮಾಡುತ್ತಾ ಹೋಗಿ ಮುಗಿಸುವುದು.

ಕೇಳಿದ ತಕ್ಷಣ ಎಲ್ಲರಿಗೂ ಮೊದಲನೆಯದೇ ಇಷ್ಟವಾಗುತ್ತದೆ. "ಶಾಶ್ವತವಾಗಿ ಇರುತ್ತೆ" ಅಲ್ವಾ? ಲೆಕ್ಕ ಹಾಕಿ ನೋಡಿ. ದೀರ್ಘಕಾಲದ ನಿಧಿಗಳು ಸಾಮಾನ್ಯವಾಗಿ ವರ್ಷಕ್ಕೆ ಮೂಲಧನದ ಶೇಕಡಾ 4ರಿಂದ 5ರಷ್ಟನ್ನು ಮಾತ್ರ ಖರ್ಚು ಮಾಡುತ್ತವೆ. ಉಳಿದ ಗಳಿಕೆಯನ್ನು ಬೆಲೆ ಏರಿಕೆ ತಡೆದುಕೊಳ್ಳಲು ವಾಪಸ್ ಸೇರಿಸುತ್ತವೆ. ಒಬ್ಬ ವಿದ್ಯಾರ್ಥಿಯ ವರ್ಷದ ಶುಲ್ಕವನ್ನು 1 ಪಾಲು ಅಂದುಕೊಳ್ಳಿ. ಶೇಕಡಾ 4ರ ಲೆಕ್ಕದಲ್ಲಿ ಪ್ರತಿ ವರ್ಷ ಒಬ್ಬರ ಶುಲ್ಕ ಕಟ್ಟಲು 25 ಪಾಲು ಮೂಲಧನ ಬೇಕು. ನಿಮ್ಮ ಹತ್ತಿರ 10 ಪಾಲು ಕೂಡಿದೆ ಅನ್ನಿ. ದತ್ತಿ ನಿಧಿ ಮಾಡಿದರೆ ವರ್ಷಕ್ಕೆ 0.4 ಪಾಲು, ಅಂದರೆ ಒಬ್ಬರ ಅರ್ಧ ಶುಲ್ಕವೂ ಆಗುವುದಿಲ್ಲ. ಅದೇ 10 ಪಾಲನ್ನು ಕರಗಿಸಿದರೆ, ವರ್ಷಕ್ಕೆ ಇಬ್ಬರಂತೆ ಐದು ವರ್ಷ ಪೂರ್ತಿ ಶುಲ್ಕ ಕಟ್ಟಬಹುದು.

ಕೊಡುವ ಮೊತ್ತವನ್ನು ಒಪ್ಪಂದದಲ್ಲಿ ಅಂಕಿಯಾಗಿ ಬರೆದುಬಿಡುವುದು ಇನ್ನೊಂದು ತಪ್ಪು. ಬೆಲೆಗಳು ವರ್ಷಕ್ಕೆ ಶೇಕಡಾ 6ರಂತೆ ಏರಿದರೆ ಸುಮಾರು 12 ವರ್ಷದಲ್ಲಿ ಆ ಮೊತ್ತದ ಬೆಲೆ ಅರ್ಧಕ್ಕೆ ಇಳಿದಿರುತ್ತದೆ. ಅಂಕಿಯ ಬದಲು "ಒಂದು ಕೋರ್ಸಿನ ಶುಲ್ಕ" ಅಥವಾ "ಶುಲ್ಕದ ಅರ್ಧ" ಅಂತ ಬರೆಯಿರಿ.

ನನ್ನನ್ನು ಕೇಳಿದರೆ, ಚಿಕ್ಕ ಗುಂಪಿಗೆ ಐದು ಅಥವಾ ಹತ್ತು ವರ್ಷದ ಕರಗುವ ನಿಧಿಯೇ ಸರಿ. ಮೇಷ್ಟ್ರನ್ನು ಬಲ್ಲವರು ಇನ್ನೂ ಇರುವಾಗ, ಅವರೇ ಅರ್ಜಿ ಓದಿ, ಅವರೇ ಪತ್ರ ಬರೆಯುತ್ತಾರೆ. ಇದಕ್ಕೆ ಒಪ್ಪದವರು ಬಹಳ ಇದ್ದಾರೆ, ಗೊತ್ತು.

ಹಣ ಕೂಡಿಸುವಾಗ ಎರಡು ಪಟ್ಟಿ ಇಡಿ: ಕೊಡ್ತೀನಿ ಅಂದವರದ್ದು, ಕೊಟ್ಟವರದ್ದು. ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ್ದು ಎರಡನೆಯದು ಮಾತ್ರ. ಮೊದಲ ವರ್ಷದ ಹುರುಪು ನೋಡಿ ಮೂರನೇ ವರ್ಷದ ಮಾತು ಕೊಟ್ಟರೆ ಅದು ಆರಂಭ ಶೂರತ್ವ. ಹಾಗೇ, ಹಣವನ್ನು ಯಾರೊಬ್ಬರ ಸ್ವಂತ ಖಾತೆಯಲ್ಲೂ ಇಡಬೇಡಿ, ಎಷ್ಟೇ ನಂಬಿಕಸ್ತರಾಗಿರಲಿ.

4. ಯಾರ ಕೈಯಲ್ಲಿ ಇಡುವುದು

ಮೇಷ್ಟ್ರು ಕೆಲಸ ಮಾಡಿದ ಸಂಸ್ಥೆಗೆ ಕೊಡಬಹುದು, ನೀವೇ ಒಂದು ಟ್ರಸ್ಟ್ ಮಾಡಬಹುದು, ಅಥವಾ ಇಂಥ ನಿಧಿಗಳನ್ನು ನೋಡಿಕೊಳ್ಳುವ ಬೇರೆ ಪ್ರತಿಷ್ಠಾನದ ಅಡಿಯಲ್ಲಿ ಇಡಬಹುದು. ಸಂಸ್ಥೆಗೆ ಕೊಟ್ಟರೆ ಲೆಕ್ಕಪತ್ರದ ತಲೆನೋವು ಇಲ್ಲ, ಆದರೆ ಹಿಡಿತವೂ ಕಡಿಮೆ. ಟ್ರಸ್ಟ್ ಆದರೆ ಹಿಡಿತ ನಿಮ್ಮದೇ, ನೋಂದಣಿ, ಲೆಕ್ಕ ಪರಿಶೋಧನೆ, ತೆರಿಗೆ ಎಲ್ಲವೂ ನಿಮ್ಮದೇ. ತೆರಿಗೆ ಮತ್ತು ನೋಂದಣಿಯ ನಿಯಮ ದೇಶದಿಂದ ದೇಶಕ್ಕೆ ಬೇರೆ, ಆದ್ದರಿಂದ ಸಹಿ ಹಾಕುವ ಮೊದಲು ಒಬ್ಬ ಲೆಕ್ಕಪರಿಶೋಧಕರಿಗೆ ತೋರಿಸಿ.

ಸಂಸ್ಥೆಯ ಜೊತೆ ಒಪ್ಪಂದ ಮಾಡಿಕೊಳ್ಳುವುದಾದರೆ ಈ ನಾಲ್ಕು ಪ್ರಶ್ನೆಗೆ ಉತ್ತರ ಬರಹದಲ್ಲಿ ಇರಲೇಬೇಕು. ನಿರ್ವಹಣಾ ವೆಚ್ಚ ಅಂತ ಎಷ್ಟು ಕಳೆಯುತ್ತಾರೆ? ಒಂದು ವರ್ಷ ಅರ್ಹರು ಸಿಗದಿದ್ದರೆ ಆ ಹಣ ಎಲ್ಲಿಗೆ ಹೋಗುತ್ತದೆ? ಆ ಕೋರ್ಸೇ ಮುಚ್ಚಿಹೋದರೆ? ವರ್ಷಕ್ಕೊಮ್ಮೆ ನಿಮಗೆ ಲೆಕ್ಕ ಕೊಡುವವರು ಯಾರು? ಮೂರನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ದೂರಶಿಕ್ಷಣದಲ್ಲಿ ಕೋರ್ಸುಗಳು ಬರುತ್ತವೆ, ಹೆಸರು ಬದಲಾಗುತ್ತವೆ, ಹೋಗುತ್ತವೆ. "ಈ ಕೋರ್ಸ್ ಇಲ್ಲದಿದ್ದರೆ ಇದಕ್ಕೆ ಹತ್ತಿರದ ವಿಷಯದಲ್ಲಿ ದೂರಶಿಕ್ಷಣದ ಮೂಲಕ ಓದುವವರಿಗೆ" ಎಂಬ ಒಂದು ಸಾಲು ಸೇರಿಸಿಬಿಟ್ಟರೆ ಮುಂದೆ ಹಣ ಸಿಕ್ಕಿಹಾಕಿಕೊಳ್ಳುವುದಿಲ್ಲ.

5. ಯಾರಿಗೆ ಕೊಡಬೇಕು: ಇಲ್ಲಿ ನಿಧಾನಿಸಿ

ಒಂದು ಸಲ ನಾನು ಇಂಥದ್ದೇ ಒಂದು ಸಮಿತಿಯಲ್ಲಿದ್ದೆ. ಅರ್ಜಿ ನಮೂನೆ ಮಾಡಿದವರಲ್ಲಿ ನಾನೂ ಒಬ್ಬ. ಬಂದ ಅರ್ಜಿಯೊಂದರಲ್ಲಿ "ಹಾಜರಾತಿ ಪ್ರಮಾಣಪತ್ರ ಲಗತ್ತಿಸಿ" ಎಂಬ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಬರೆದಿತ್ತು: "ನಮಗೆ ಹಾಜರಾತಿ ಇರುವುದಿಲ್ಲ ಸರ್." ದೂರಶಿಕ್ಷಣದ ಮೇಷ್ಟ್ರ ಹೆಸರಿನ ಸ್ಕಾಲರ್‌ಶಿಪ್ಪಿಗೆ ಹಾಜರಾತಿ ಕೇಳಿದ್ದೆವು! ಯಾವುದೋ ಹಳೆ ನಮೂನೆಯಿಂದ ಎತ್ತಿದ್ದು, ಯಾರೂ ಓದಿ ನೋಡಿರಲಿಲ್ಲ.

ಆದ್ದರಿಂದ ಪ್ರತಿ ಷರತ್ತನ್ನೂ ಒಂದೊಂದಾಗಿ ಎತ್ತಿಕೊಂಡು "ಇದರಿಂದ ಯಾರು ಹೊರಗೆ ಹೋಗುತ್ತಾರೆ?" ಅಂತ ಕೇಳಿ.

ವಯಸ್ಸಿನ ಮಿತಿ ಬೇಡ. ನಲವತ್ತೈದರಲ್ಲಿ ಪದವಿಗೆ ಸೇರಿದವರು ಇಲ್ಲಿ ಅಪರೂಪವೇನಲ್ಲ. ನೆಲ್ಸನ್ ಮಂಡೇಲಾ ಅವರು ದೂರಶಿಕ್ಷಣ ಕೊಡುವ ಯೂನಿವರ್ಸಿಟಿ ಆಫ್ ಸೌತ್ ಆಫ್ರಿಕಾದಿಂದ ಕಾನೂನು ಪದವಿ ಪಡೆದದ್ದು 1989ರಲ್ಲಿ, ಜೈಲಿನಲ್ಲಿದ್ದಾಗ, 70 ದಾಟಿದ ಮೇಲೆ. ನಿಮ್ಮ ನಿಯಮದಲ್ಲಿ "35 ವರ್ಷ ಮೀರಿರಬಾರದು" ಅಂತಿದ್ದರೆ ಅವರಿಗೂ ಸಿಗುತ್ತಿರಲಿಲ್ಲ.

"ಪೂರ್ಣಾವಧಿ ವಿದ್ಯಾರ್ಥಿ" ಎಂಬ ಮಾತನ್ನು ತೆಗೆದುಹಾಕಿ. ಒಂದು ವರ್ಷದಲ್ಲಿ ಎರಡೇ ವಿಷಯ ತೆಗೆದುಕೊಂಡು ಓದುವವರೂ ಬರಲಿ.

ಹಿಂದಿನ ಪರೀಕ್ಷೆಯ ಶೇಕಡಾವಾರು ಅಂಕ ಕೇಳುವ ಮೊದಲು ಎರಡು ಸಲ ಯೋಚಿಸಿ. ಹದಿನೈದು ವರ್ಷದ ಹಿಂದೆ ಬರೆದ ಪರೀಕ್ಷೆಯ ಅಂಕದಿಂದ ಈಗಿನ ಓದಿನ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 1971ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಾಗ ಹಿಂದಿನ ವಿದ್ಯಾರ್ಹತೆಯನ್ನೇ ಕೇಳಲಿಲ್ಲ. ಮುಕ್ತ ವಿಶ್ವವಿದ್ಯಾಲಯ ಎಂಬುದರಲ್ಲಿ "ಮುಕ್ತ" ಅಂದರೆ ಇದೇ. ಅಂಕ ಬೇಕೇ ಬೇಕು ಅಂದರೆ ಈಗಿನ ಕೋರ್ಸಿನಲ್ಲಿ ಸಲ್ಲಿಸಿದ ಒಂದು ಅಸೈನ್‌ಮೆಂಟಿನ ಅಂಕ ಕೇಳಿ.

"ನಡುವೆ ಓದು ನಿಲ್ಲಿಸಿರಬಾರದು" ಎಂಬ ಷರತ್ತಂತೂ ನಮ್ಮವರಿಗೆ ಹೊಡೆತ. ಓದು ನಿಲ್ಲಿಸಿ ಮತ್ತೆ ಶುರು ಮಾಡಿದವರೇ ಇಲ್ಲಿ ಜಾಸ್ತಿ. ಕೆಲವು ಕಡೆ ಅದನ್ನೇ ಅರ್ಹತೆ ಮಾಡಿದ್ದಾರೆ, ಒಳ್ಳೆಯ ಯೋಚನೆ.

ಇನ್ನು ಹಣ ಯಾವುದಕ್ಕೆ? ಶುಲ್ಕಕ್ಕೆ ಮಾತ್ರ ಅಂತ ಕಟ್ಟಿಹಾಕಬೇಡಿ. ದೂರಶಿಕ್ಷಣದ ವಿದ್ಯಾರ್ಥಿ ಕೈಬಿಡುವುದು ಎಷ್ಟೋ ಸಲ ಬೇರೆ ಖರ್ಚಿನಿಂದ: ಪರೀಕ್ಷಾ ಕೇಂದ್ರಕ್ಕೆ ಹೋಗಿಬರುವುದು, ಅಲ್ಲಿ ಉಳಿಯುವುದು, ಸಂಪರ್ಕ ತರಗತಿಗಾಗಿ ಸಂಬಳ ಕಡಿತದ ರಜೆ, ಇಂಟರ್ನೆಟ್ ಡೇಟಾ, ಮಗುವನ್ನು ನೋಡಿಕೊಳ್ಳುವವರಿಗೆ ಕೊಡುವುದು. (ಸಂಪರ್ಕ ತರಗತಿ ಅಂದರೆ ದೂರದಿಂದ ಓದುವವರನ್ನು ಕೆಲವು ದಿನ ಒಂದೆಡೆ ಸೇರಿಸಿ ಮಾಡುವ ಪಾಠ.) "ಓದಿಗೆ ಸಂಬಂಧಿಸಿದ ಯಾವುದೇ ಖರ್ಚು" ಅಂತ ಬರೆದು, ರಸೀದಿಯ ಬದಲು ಅವರ ಒಂದು ಸಹಿಯ ಹೇಳಿಕೆ ತೆಗೆದುಕೊಂಡರೆ ಸಾಕು. ಬಸ್ ಟಿಕೆಟ್ ಅಂಟಿಸಿ ಕಳಿಸು ಅನ್ನುವುದು ಕಿರುಕುಳ.

6. ಅರ್ಜಿ ನಮೂನೆ

ಒಂದೇ ಪುಟ ಇರಲಿ, ಫೋನಿನಲ್ಲೇ ತುಂಬಲು ಬರಲಿ. ನೀವೇ ಒಂದು ಹಳೆ ಫೋನ್ ತೆಗೆದುಕೊಂಡು, ನಿಧಾನದ ನೆಟ್‌ವರ್ಕ್‌ನಲ್ಲಿ ಒಮ್ಮೆ ತುಂಬಿ ನೋಡಿ. ನಡುವೆ ನಿಂತರೆ ಬರೆದದ್ದು ಉಳಿಯುತ್ತದೆಯೇ? ಫೋಟೋ ತೆಗೆದ ದಾಖಲೆಯನ್ನು ತೆಗೆದುಕೊಳ್ಳುತ್ತದೆಯೇ, ಇಲ್ಲಾ ಫೈಲ್ ದೊಡ್ಡದಾಯಿತು ಅನ್ನುತ್ತದೆಯೇ? ಕಣ್ಣು ಕಾಣದವರು ಪರದೆ ಓದುವ ತಂತ್ರಾಂಶದ ಸಹಾಯದಿಂದ ತುಂಬಬಹುದೇ? ಅಂಚೆಯಲ್ಲಿ ಕಳಿಸುವ ದಾರಿಯನ್ನೂ ತೆರೆದಿಡಿ.

ಪ್ರಬಂಧ ಕೇಳುವುದಾದರೆ ಮೂರು ಸಣ್ಣ ಪ್ರಶ್ನೆ ಸಾಕು, ಒಂದೊಂದಕ್ಕೆ 150 ಪದ:

- ಈಗ ಏನು ಓದುತ್ತಿದ್ದೀರಿ, ದಿನದಲ್ಲಿ ಯಾವಾಗ ಓದುತ್ತೀರಿ?
- ಈ ಕೋರ್ಸಿನಲ್ಲಿ ನಿಮಗೆ ಕಷ್ಟವಾದ ಒಂದು ಭಾಗ ಯಾವುದು, ಅದನ್ನು ಹೇಗೆ ದಾಟಿದಿರಿ? ಇನ್ನೂ ದಾಟಿಲ್ಲದಿದ್ದರೆ ಎಲ್ಲಿ ನಿಂತಿದ್ದೀರಿ?
- ಈ ಹಣ ಸಿಕ್ಕರೆ ಯಾವ ಖರ್ಚಿಗೆ ಬಳಸುತ್ತೀರಿ?

"ನಿಮ್ಮ ಕಷ್ಟಗಳನ್ನು ವಿವರಿಸಿ" ಅಂತ ದಯವಿಟ್ಟು ಕೇಳಬೇಡಿ. ಅದು ಗೋಳು ತೋಡಿಕೊಳ್ಳುವ ಸ್ಪರ್ಧೆಯಾಗುತ್ತದೆ, ಚೆನ್ನಾಗಿ ಬರೆಯಬಲ್ಲವರು ಗೆಲ್ಲುತ್ತಾರೆ. "ಮೇಷ್ಟ್ರ ಆದರ್ಶಗಳ ಬಗ್ಗೆ ಬರೆಯಿರಿ" ಅನ್ನುವುದೂ ಬೇಡ. ಅವರನ್ನು ಕಂಡೇ ಇರದ ಹುಡುಗಿ ಸುಮ್ನೆ ಹೊಗಳಿಕೆ ಬರೆಯಬೇಕಾಗುತ್ತದೆ. ಅವಳಿಗೆ ನೀವೇ ಎರಡನೇ ಹಂತದ ಆ ಒಂದು ಪುಟವನ್ನು ಓದಲು ಕೊಡಿ.

ಕೊನೆಯ ದಿನವನ್ನು ಪರೀಕ್ಷೆಯ ವಾರದಲ್ಲಿ ಇಡಬೇಡಿ. ಅರ್ಜಿ ಸಲ್ಲಿಸಲು ಕನಿಷ್ಠ ಆರು ವಾರ ಕೊಡಿ, ಅದರಲ್ಲಿ ಆರು ಭಾನುವಾರ ಇರಬೇಕು ಅನ್ನುವುದು ನನ್ನ ಲೆಕ್ಕ. ಕೆಲಸಕ್ಕೆ ಹೋಗುವವರಿಗೆ ಬಿಡುವು ಸಿಗುವುದು ಅವತ್ತೇ.

7. ಆಯ್ಕೆ

ಮೂವರು ಓದಲಿ. ಒಬ್ಬರು ಮೇಷ್ಟ್ರ ಹಳೆ ವಿದ್ಯಾರ್ಥಿ, ಒಬ್ಬರು ಆ ವಿಷಯ ಬಲ್ಲವರು, ಒಬ್ಬರು ಹೊರಗಿನವರು. ಅರ್ಜಿ ತೆರೆಯುವ ಮೊದಲೇ ಅಂಕ ಹಂಚಿಕೆ ತೀರ್ಮಾನವಾಗಿರಲಿ, ಉದಾಹರಣೆಗೆ ಓದಿನಲ್ಲಿ ತೋರಿದ ಛಲಕ್ಕೆ 40, ಅಗತ್ಯಕ್ಕೆ 40, ಹಣದ ಬಳಕೆ ಸ್ಪಷ್ಟವಾಗಿದೆಯೇ ಎಂಬುದಕ್ಕೆ 20. ಮೂವರೂ ಬೇರೆ ಬೇರೆ ಕೂತು ಅಂಕ ಹಾಕಿ, ಆಮೇಲೆ ಸೇರಿ. ಮೊದಲೇ ಸೇರಿದರೆ ಗಟ್ಟಿ ದನಿಯವರ ಆಯ್ಕೆಯೇ ಆಯ್ಕೆ. ಹೆಸರು ಮತ್ತು ಊರನ್ನು ಮುಚ್ಚಿ ಓದುವುದು ಇನ್ನೂ ಒಳ್ಳೆಯದು. ಅರ್ಜಿದಾರರು ಪರಿಚಯದವರಾದರೆ ಆ ಒಂದು ಅರ್ಜಿಯಿಂದ ದೂರ ಸರಿಯಿರಿ, ಹಾಗೆ ಸರಿದದ್ದನ್ನು ಬರೆದಿಡಿ.

ಸಿಗದವರಿಗೂ ಉತ್ತರ ಹೋಗಬೇಕು. ಎರಡೇ ಸಾಲು ಇರಲಿ, ಆದರೆ ಹೋಗಬೇಕು. ವಾಪಸ್ ಬರೆಯದ ದೂರಶಿಕ್ಷಣದ ಮೇಷ್ಟ್ರು ಇದ್ದಾರೆಯೇ? ಸಾಧ್ಯವಾದರೆ ಮುಂದಿನ ವರ್ಷಕ್ಕೆ ಏನು ಸುಧಾರಿಸಬಹುದು ಅಂತ ಒಂದು ಸಾಲು ಸೇರಿಸಿ.

8. ಹಣ ತಲುಪಿಸುವುದು

ಇಲ್ಲಿ ತಾರೀಖೇ ಎಲ್ಲ. ಶುಲ್ಕ ಕಟ್ಟುವ ಕೊನೆಯ ದಿನ ಯಾವುದು ಅಂತ ಮೊದಲು ನೋಡಿ, ಅಲ್ಲಿಂದ ಹಿಂದಕ್ಕೆ ಎಣಿಸಿ. ಹಣ ತಲುಪಲು ಎರಡು ವಾರ, ಆಯ್ಕೆಗೆ ನಾಲ್ಕು ವಾರ, ಅರ್ಜಿಗೆ ಆರು ವಾರ. ಅಂದರೆ ಹನ್ನೆರಡು ವಾರ ಮೊದಲು ಪ್ರಕಟಣೆ ಹೊರಡಬೇಕು. ಶುಲ್ಕದ ದಿನ ಕಳೆದ ಮೇಲೆ ಬಂದ ದುಡ್ಡು, ಅಷ್ಟರಲ್ಲಿ ಸಾಲ ಮಾಡಿ ಕಟ್ಟಿದವರ ಬಡ್ಡಿಗೆ ಹೋಗುತ್ತದೆ. ಕಟ್ಟಲಾಗದವರು ಆ ವರ್ಷ ಬಿಟ್ಟೇ ಬಿಟ್ಟಿರುತ್ತಾರೆ.

ಶುಲ್ಕದ ಭಾಗವನ್ನು ಸಂಸ್ಥೆಗೆ ನೇರವಾಗಿ, ಉಳಿದದ್ದನ್ನು ವಿದ್ಯಾರ್ಥಿಯ ಖಾತೆಗೆ ಕಳಿಸಿ. ಒಂದು ಎಚ್ಚರಿಕೆ: ವಿದ್ಯಾರ್ಥಿಗೆ ಈಗಾಗಲೇ ಬೇರೆ ಶುಲ್ಕ ರಿಯಾಯಿತಿ ಇದ್ದರೆ, ನಿಮ್ಮ ಹಣ ಬಂದ ತಕ್ಷಣ ಕೆಲವು ಕಡೆ ಆ ರಿಯಾಯಿತಿಯನ್ನು ಅಷ್ಟೇ ಮೊತ್ತಕ್ಕೆ ಇಳಿಸುತ್ತಾರೆ. ಆಗ ನೀವು ಕೊಟ್ಟದ್ದು ವಿದ್ಯಾರ್ಥಿಗೆ ಸೇರಲೇ ಇಲ್ಲ, ಸಂಸ್ಥೆಗೆ ಉಳಿತಾಯವಾಯಿತು. ಕಳಿಸುವ ಮೊದಲು ವಿದ್ಯಾರ್ಥಿಯನ್ನೂ ಕೇಳಿ, ಕಚೇರಿಯನ್ನೂ ಕೇಳಿ.

ವೇದಿಕೆ, ಹಾರ, ದೊಡ್ಡ ಚೆಕ್ಕಿನ ಫೋಟೋ ಬೇಕೇ ಎಂಬುದು ನಿಮಗೆ ಬಿಟ್ಟದ್ದು. ಆದರೆ ಅದಕ್ಕಾಗಿ ವಿದ್ಯಾರ್ಥಿಯನ್ನು ಒಂದು ದಿನದ ಕೂಲಿ ಬಿಡಿಸಿ ದೂರದಿಂದ ಕರೆಸಬೇಡಿ. ಫೋಟೋ ಹಾಕುವ ಮೊದಲು ಒಪ್ಪಿಗೆ ಕೇಳಿ. ತಾನು ಓದುತ್ತಿರುವುದನ್ನು ಕೆಲಸದ ಕಡೆ ಹೇಳದೆ ಇರುವವರು ಇರುತ್ತಾರೆ.

9. ಎರಡನೇ ವರ್ಷದಿಂದ

ಕೊಟ್ಟವರಿಗೆ, ಮನೆಯವರಿಗೆ ವರ್ಷಕ್ಕೊಂದು ಪುಟ ಕಳಿಸಿ: ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ಉಳಿಯಿತು, ಎಷ್ಟು ಅರ್ಜಿ ಬಂದವು. ಹಣ ಪಡೆದವರಲ್ಲಿ ಒಬ್ಬರು ಆ ವರ್ಷ ಫೇಲಾದರೆ ಅದನ್ನೂ ಹೆಸರಿಲ್ಲದೆ ಬರೆಯಿರಿ, ಮುಚ್ಚಿಡಬೇಡಿ. ಹಣ ವಾಪಸ್ ಕೇಳಬೇಡಿ. ಮತ್ತೆ ಅದೇ ಪರೀಕ್ಷೆಗೆ ಕೂರುವುದಾದರೆ ಮರು ಪರೀಕ್ಷೆಯ ಶುಲ್ಕ ಕೊಡಲು ಒಂದು ಸಣ್ಣ ಮೊತ್ತ ತೆಗೆದಿಡಿ. ಈ ಸಾಲು ಬಹಳ ನಿಯಮಾವಳಿಗಳಲ್ಲಿ ಇಲ್ಲ, ನಿಮ್ಮದರಲ್ಲಿ ಇರಲಿ.

ಮುಂದಿನ ವರ್ಷದ ಆಯ್ಕೆ ಸಮಿತಿಗೆ ಹಿಂದಿನ ವರ್ಷ ಹಣ ಪಡೆದ ಒಬ್ಬರನ್ನು ಕರೆಯಿರಿ. ನಮೂನೆಯಲ್ಲಿ ಎಲ್ಲಿ ತಪ್ಪಿದ್ದೀರಿ ಅಂತ ಮೊದಲ ಹತ್ತು ನಿಮಿಷದಲ್ಲೇ ಹೇಳುತ್ತಾರೆ.